ಕಾಫಿ ಕೊಟ್ಟ ಮನೆಗೆ ಬೀಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮವ್ವನಿಗೆ ಬಿಪಿ ಮಾತ್ರೆ ಸಿಗಲಿಲ್ಲ. ಹೋದ ತಿಂಗಳು ನಾವು ಮದುವೆಗೆಂದು ಯಗಟಿಗೆ ಹೋಗಿದ್ದ ದಿನ ಆಶಾ ಕಾರ್ಯಕರ್ತೆ ಸವಿತಾಳ ಟ್ಯಾಬ್‌ನಲ್ಲಿ ‘ಮನೆಗೆ ಬೀಗ’ ಎಂದು ದಾಖಲಾಗಿದೆ.

“ಅಜ್ಜಿ, ಇನ್ನೂ ಬೀಗ ಅಂತ್ಲೇ ತೋರಿಸ್ತೈತೆ. ಮೇಲಿನೋರು ತೆಗೆಯೋಗಂಟ ಮಾತ್ರೆ ಕೊಡಂಗಿಲ್ಲ” ಎಂದಳು ಇವತ್ತು ಮನೆಗೆ ಬಂದು ಕಾಫಿ ಕುಡಿಯುತ್ತಾ ಕೂತಿದ್ದ ಸವಿತಾ.

“ಬೀಗ ಹಾಕಿದ್ರೆ ನಿಂಗೆ ಕಾಫಿ ಕೊಟ್ಟೋಳು ಯಾರೇ?” ಎಂದಳು ಅವ್ವ.

ನನ್ನ ಬಾಲ್ಯದಲ್ಲಿ ಮನೆಗೆ ಬರುತ್ತಿದ್ದ ನರ್ಸಮ್ಮ, ತಾವು ಬಂದ ತಾರೀಖನ್ನು ಬಾಗಿಲ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ತಪ್ಪಾದರೆ ಬೆರಳಲ್ಲೇ ಒರೆಸಿ ತಿದ್ದುತ್ತಿದ್ದರು. ಸುಣ್ಣ ಬಳಿಯುವಾಗ ಅವ್ವ ಅಷ್ಟಗಲ ಜಾಗವನ್ನು ಬಿಟ್ಟೇ ಬಳಿಯುತ್ತಿದ್ದಳು.

ಈಗ ಉಳಿದಿರುವುದು ಎರಡೇ ಮಾತ್ರೆ. ಜನ ಕೂತಿರುವ ಮನೆಯ ಬೀಗ ತೆಗೆಯಬೇಕಾದ ಆ ‘ಮೇಲಿನೋರು’ ಯಾರು? ಅವರು ಇಲ್ಲೇ, ಈ ಪೋಸ್ಟಿನ ಕೆಳಗೆ, ಎಲ್ಲರೆದುರು ಉತ್ತರ ಕೊಡಲಿ.