ಎಡೆಗಿಟ್ಟ ವಿಮಾನ

ನಮ್ಮಪ್ಪ ಪಾಂಡವಪುರದಲ್ಲಿ ಅಕ್ಕಸಾಲಿ. ಟೊಳ್ಳು ಬಳೆಯೊಳಕ್ಕೆ ಅರಗು ತುಂಬೋದರಲ್ಲಿ ಅವರನ್ನ ಮೀರಿಸೋರಿಲ್ಲ. ಒಂದೇ ಸಲಕ್ಕೆ ಸುರಿದರೆ ಆರಿದ ಮೇಲೆ ಕುಗ್ಗಿ ಒಳಗೆ ಪೊಳ್ಳು ಬೀಳ್ತದೆ ಅಂತ, ಒಂದಿಷ್ಟು ತುಂಬೋದು, ಆರಕ್ಕೆ ಬಿಡೋದು, ಮತ್ತೊಂದಿಷ್ಟು ತುಂಬೋದು. ಚಿಕ್ಕವಳಿದ್ದಾಗ ನಾನು ಅವಸರ ಮಾಡಿದರೆ ತಲೆ ಮೇಲೆ ಮೊಟಕ್ತಿದ್ದರು.

ಅಣ್ಣನಿಗೆ ಬಂಗಾರ ಬೇಡ, ಪ್ಲಾಸ್ಟಿಕ್ಕು ಬೇಕು. ಮೈಸೂರಿನಿಂದ ಬಿಡಿಭಾಗದ ಡಬ್ಬಿ ತಂದು ಪುಟಾಣಿ ವಿಮಾನ ಜೋಡಿಸೋ ಹುಚ್ಚು. ಕೊನೇದರ ಎರಡು ಹೋಳು ಅಂಟಿಸಿ, ನಡುವಿನ ಸಂದಿಗೆ ಪುಟ್ಟಿ ತುಂಬೋದು ಬಾಕಿ ಇರುವಾಗ, ನಾಲೆ ಏರಿ ಮೇಲೆ ಬೈಕು ಜಾರಿ ಹೋಗಿಬಿಟ್ಟ. ಹೋಗೋನು ಅದನ್ನಾದರೂ ಮುಗಿಸಿ ಹೋಗಬಾರದಿತ್ತೆ? ಬೆನ್ನ ಮೇಲೆ ಬಾಯಿ ಬಿಟ್ಟುಕೊಂಡು ಆ ವಿಮಾನ ಮೇಜಿನ ಮೇಲಿಂದ ನಮ್ಮನ್ನೇ ನೋಡ್ತಿತ್ತು. ಅಪ್ಪ ಅಗ್ಗಿಷ್ಟಿಕೆ ಹಚ್ಚಲಿಲ್ಲ, ಅನ್ನವೂ ಸೇರ್ತಿರಲಿಲ್ಲ. ಇವರೂ ಅವನ ಹಿಂದೆಯೇ ಹೋಗಿಬಿಡ್ತಾರೆ ಅನ್ನೋ ಭಯ ನನಗೆ ಹಿಡೀತು.

ಪಿತೃಪಕ್ಷ ಬಂತು. ಸತ್ತೋರಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಟ್ಟು, ಅವರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಚ್ಚಿ ಹೊರಗೆ ಕಾಯೋದು ನಮ್ಮ ಪದ್ಧತಿ. "ಅದ ಮುಗ್ಸವ್ವ, ಎಡೆಗೆ ಮಡಗಾನ," ಅಂದರು ಅಪ್ಪ. ನನಗೆಲ್ಲಿ ಬರಬೇಕು ಪುಟ್ಟಿ ಕೆಲಸ? ಹಿಂದಿನ ದಿನ ಸಂದಿಗೆ ದಪ್ಪಗೆ ಮೆತ್ತಿದೆ, ಉಪ್ಪುಕಾಗದದಲ್ಲಿ ಉಜ್ಜಿದೆ, ಬಣ್ಣ ಹೊಡೆದೆ. ಗೆರೆ ಮಾಯವಾಯ್ತು. ದೀಪದ ಪಕ್ಕ ಇಟ್ಟು ಬಾಗಿಲು ಮುಚ್ಚಿದೆವು. ಒಳಗೆ ಏನೋ ಚಿಟ್ ಅಂದಂಗಾಯ್ತು, ಇಲಿ ಅಂದುಕೊಂಡೆ. ಬಾಗಿಲು ತಟ್ಟಿ ಒಳಗೆ ಹೋದರೆ ವಿಮಾನದ ಬೆನ್ನ ಮೇಲೆ ಅದೇ ಗೆರೆ. ನಾನು ಅಪ್ಪನ ಹಿಂದಕ್ಕೆ ಸರಿದೆ.

ಅಪ್ಪ ಉಗುರಾಡಿಸಿ ನೋಡಿದರು. "ಒಪ್ಕಂಡಿಲ್ಲ ಕಣವ್ವ ಅವ್ನು. ಬರೋ ವರ್ಸ ಚೆಂದಾಗ್ ಮಾಡಾನ," ಅಂದರು. ಅವತ್ತು ಎಡೆಯ ಅನ್ನ ಉಂಡರು. ಮಾರನೇ ದಿನ ಅಗ್ಗಿಷ್ಟಿಕೆ ಹಚ್ಚಿದರು.

ಪುಟ್ಟಿಯೂ ಅರಗಿನ ಹಾಗೇ ಅಂತ ಆಮೇಲೆ ಕಲಿತೆ. ತೆಳ್ಳಗೆ ಹಚ್ಚಿ, ಆರಿಸಿ, ಮತ್ತೆ ಹಚ್ಚಬೇಕು. ಇಲ್ಲದಿದ್ದರೆ ದೀಪದ ಕಾವಿಗೆ ಕುಗ್ಗಿ ಗೆರೆ ಮೇಲೇಳ್ತದೆ. ಕಲಿತ ಮೇಲೂ ವರ್ಷಾ ವರ್ಷ ಹಳೇದನ್ನ ಕೆರೆದು, ಹಿಂದಿನ ದಿನವೇ ದಪ್ಪಗೆ ಮೆತ್ತುತ್ತೀನಿ. ಅಣ್ಣ ಒಪ್ಪಿಬಿಟ್ಟರೆ ಅಪ್ಪನಿಗೆ ಇನ್ನೇನು ಉಳೀತು? ಆದರೂ ಬಾಗಿಲಾಚೆ ನಿಂತಾಗ ಆ ಚಿಟ್ ಸದ್ದಿಗೆ ಅಪ್ಪನ ತೋಳು ಹಿಡ್ಕೋತೀನಿ. ದೆವ್ವ ಕರೆಯೋಳೂ ನಾನೇ, ಹೆದರೋಳೂ ನಾನೇ.

ಈ ವರ್ಷ ಮೆತ್ತುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು. ಜೀವಮಾನವೆಲ್ಲ ಅರಗು ತುಂಬಿದ ಮನುಷ್ಯ. ಪುಟ್ಟಿಯ ದಪ್ಪ ನೋಡಿದರು, ನನ್ನ ಮುಖ ನೋಡಿದರು. ಕೈ ಎತ್ತಿದರು, ಮೊಟಕ್ತಾರೆ ಅಂದುಕೊಂಡೆ. ತಲೆ ಸವರಿ, "ಇನ್ನೊಂದ್ ಚೂರು ಆಕವ್ವ," ಅಂದರು.