ಅರ್ಥಿಂಗ್ ಇಲ್ಲದ ಸಂಗೀತ

ಕಳೆದ ವಾರ ಬೂಕನಕೆರೆಯಲ್ಲಿ ಜಪಾನಿನ ಸಂಗೀತಗಾರನೊಬ್ಬನಿಗೆ ಒಂದು ಬಿಂದಿಗೆ ನೀರು ಸುರಿಯಲಾಯಿತು.

ನನ್ನ ಅಕ್ಕನ ಮಗಳು ಸವಿತಾಳ ಮದುವೆ. ಹಿಂದಿನ ದಿನ ಚಪ್ಪರದಲ್ಲಿ ಅರಿಶಿನ ಹಚ್ಚುವ ಶಾಸ್ತ್ರ. ತೆಂಗಿನ ಮರಕ್ಕೆ ಮೈಕ್‌ಸೆಟ್ಟಿನ ಹಾರನ್ ಕಟ್ಟಿದ್ದರು, ಬಾಯಿ ಪಕ್ಕದೂರಿನ ಕಡೆಗೆ. (ನಮ್ಮ ಕಡೆ ಮದುವೆಯ ಹಾಡು ಬಂದವರಿಗಲ್ಲ, ಬಾರದವರಿಗೆ.)

ಬೆಳಗಿನಿಂದ ಸಿನಿಮಾ ಹಾಡು. ಮಧ್ಯಾಹ್ನ ಸವಿತಾ ಮೈಕ್‌ಸೆಟ್ ನಿಂಗರಾಜುವಿಗೆ ತನ್ನದೊಂದು ಕ್ಯಾಸೆಟ್ ಕೊಟ್ಟು ಹಸೆಮಣೆಯ ಮೇಲೆ ಕೂತಳು.

ಅದು ಆ ಜಪಾನಿಯದು. ಗೆಳೆಯನೊಬ್ಬನಿಂದ ನನಗೆ, ನನ್ನಿಂದ ಅವಳಿಗೆ ಬಂದದ್ದು. ಕವರ್ ಮೇಲಿನ ಟಿಪ್ಪಣಿಯಿಂದ ನನಗೆ ಗೊತ್ತಿರುವುದಿಷ್ಟು. ಮೊದಲು ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಆಮೇಲೆ ಡ್ರಮ್ ಬಿಟ್ಟ, ಹಾಡು ಬಿಟ್ಟ, ತಾಳವನ್ನೂ ಬಿಟ್ಟ. ಉಳಿದದ್ದು ಕೀಬೋರ್ಡಿನ ಉದ್ದನೆಯ ಸ್ವರಗಳು. ಕಂಪನಿಗಳು ಬೇಡವೆಂದವು. ಮನೆಯಲ್ಲೇ ರೆಕಾರ್ಡ್ ಮಾಡಿ ತಾನೇ ಹಂಚಿದ. ಕೇಳಿದವರು ಎಲ್ಲ ಒಂದೇ ಥರ ಎಂದರು. ಇನ್ನೊಂದು ಆಲ್ಬಂ ತಂದ. ಇದು ಸಂಗೀತವೇ ಅಲ್ಲ ಎಂದರು. ಆ ವರ್ಷವೇ ಮತ್ತೆರಡು ತಂದ.

ವಾದ ಮಾಡಲಿಲ್ಲ. ಇಂಥ ಉತ್ತರ ಕೊಡುವ ಧೈರ್ಯ ಎಷ್ಟು ಜನಕ್ಕಿದೆ?

ಹಾರನ್ನಿನಿಂದ ಗುಂಯ್ ಎಂಬ ಸದ್ದು ಹೊರಟಿತು. ನಿಂಗರಾಜು ವಾಲ್ಯೂಮ್ ಏರಿಸಿದ. ಇನ್ನೂ ದೊಡ್ಡ ಗುಂಯ್. "ಅರ್ಥಿಂಗ್ ಒಣಗೋಗದೆ" ಎಂದು ಘೋಷಿಸಿ, ಬಿಂದಿಗೆ ನೀರು ತಂದು, ನೆಲಕ್ಕೆ ಹೂತಿದ್ದ ಅರ್ಥಿಂಗ್ ಕಂಬಿಯ ಬುಡಕ್ಕೆ ಸುರಿದ.

ಸವಿತಾಳ ಅಪ್ಪ, ಅಂದರೆ ನನ್ನ ಭಾವ ಬೋರೇಗೌಡರು ಓಡಿ ಬಂದರು. "ಲೇ ನಿಂಗ, ಏನ್ಲಾ ನಿನ್ ಮೈಕು ಗೊರಕೆ ಒಡೀತಾ ಅದೆ?"

"ಗೊರಕೆ ಅಲ್ಲ ಗೌಡ್ರೆ, ಕರೆಂಟು. ಇನ್ನೊಂದ್ ಬಿಂದ್ಗೆ ಉಯ್ದ್ರೆ ಸರಿ ಓಯ್ತದೆ."

ಹಸೆಮಣೆಯಿಂದಲೇ ಸವಿತಾ ಕೂಗಿದಳು. "ನೀರು ಉಯ್ಬೇಡ ನಿಂಗಣ್ಣ. ಜಪಾನಿಂದು, ಅದು ಇರೋದೇ ಅಂಗೆ."

"ಬೀಗ್ರು ಬಸ್ಸು ನಾಗಮಂಗಲ ಬುಟ್ಟು ಆಗ್ಲೇ ಒತ್ತಾಯ್ತು ಕಣವ್ವ. ಸಾವಿನ್ ಮನೇಲೂ ಇದ್ಕಿಂತ ಗೆಲುವಾಗಿರ್ತದೆ. ತೆಗ್ಯೋ ನಿಂಗ!"

"ತೆಗುದ್ರೆ ನಾನು ಇಲ್ಲಿಂದ ಏಳಕ್ಕಿಲ್ಲ ಕಣಪ್ಪ. ಸೀರೆ ಬೀಗ್ರು ಆರಿಸಿದ್ದು. ಗಂಡು ನೀನು ಆರಿಸಿದ್ದು. ಕ್ಯಾಸೆಟ್ಟೊಂದು ನಂದು."

ಅರಿಶಿನದ ಕೈಗಳು ಅಲ್ಲಲ್ಲೇ ನಿಂತವು. ಭಾವ ನನ್ನತ್ತ ನೋಡಿದರು. ನಾನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳತೊಡಗಿದೆ. (ವರದಿಗಾರನ ಶಿಸ್ತು ನೆಂಟರ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ.) ನಿಂಗರಾಜುವಿನ ಬೆರಳು ಗುಂಡಿಯ ಮೇಲೇ ಇತ್ತು.

ಅಷ್ಟರಲ್ಲಿ ಬೀಗರ ಬಸ್ಸು ಬಂತು. ಗಂಡಿನ ಸೋದರತ್ತೆ ಇಳಿದವರೇ ಕಿವಿಗೊಟ್ಟರು. "ಮೈಕು ಕೆಟ್ಟೋಗದಾ ಬೀಗ್ರೆ?"

ಭಾವ ಮಗಳನ್ನು ನೋಡಿದರು. ಅವಳು ಏಳುವ ಲಕ್ಷಣವಿರಲಿಲ್ಲ.

"ಎಲ್ ಕೆಟ್ಟದೆ? ನಮ್ ಉಡ್ಗಿ ಆಕ್ಸಿರೋದು. ಜಪಾನಿಂದು" ಎಂದರು. ದನಿಯಲ್ಲಿ ಸಂಕೋಚವಿರಲಿಲ್ಲ. ನಿಂಗರಾಜುವಿನ ಕಡೆ ತಿರುಗಿ, "ಕೈ ತೆಗಿಲಾ" ಎಂದರು. "ಕ್ಯಾಸೆಟ್ಟು ಈ ಕಡೆ ಮುಗಿಯಗಂಟ ಓಡ್ಲಿ."

ಓಡಿತು. ಸೋದರತ್ತೆ ಮೊದಲ ಬಾರಿಗೆ ಮದುಮಗಳ ಹೆಸರು, ಓದು, ಕೆಲಸ ಎಲ್ಲವನ್ನೂ ಕೂಗಾಡದೆ ವಿಚಾರಿಸಿದರು. ಮುಗಿದ ಮೇಲೆ ಮತ್ತೆ ಸಿನಿಮಾ ಹಾಡು, ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಮದುವೆ ಮನೆಗೆ ತಕ್ಕುದಲ್ಲವೆಂದು ಊರು ಇನ್ನೂ ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ. ಹೆಣ್ಣಿಗೆ ಒಂದು ಕ್ಯಾಸೆಟ್ ಆರಿಸುವ ಹಕ್ಕೂ ಇಲ್ಲದಿದ್ದರೆ, ನಾವು ಸುತ್ತೂರಿಗೆಲ್ಲ ಸಾರುತ್ತಿರುವುದು ಯಾರ ಮದುವೆ?