ಡಿಕ್ಕಿಯಲ್ಲಿಟ್ಟ ಪರಸ್ಥಾನ

ನನ್ನ ಮೈದುನನ ಬಲಗೈ ಹೆಬ್ಬೆರಳಿನ ಉಗುರು ಹುಟ್ಟಿದಾಗಿನಿಂದಲೇ ಕಪ್ಪೇನೋ ಅನ್ನುವ ಹಾಗಿತ್ತು. ಉಗುರಿನ ಬುಡದಲ್ಲಿ, ಬೆರಳಿನ ಗೆರೆಗಳಲ್ಲಿ ಆಯಿಲ್ ಕೂತುಬಿಟ್ಟಿತ್ತು. ಎಣ್ಣೆನೀರಿನ ದಿನ ಉಳಿದ ಸೀಗೆಪುಡಿಯನ್ನು ಅವನಿಗೆಂದೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿಡುತ್ತಿದ್ದೆ. ತಿಕ್ಕಿ ತಿಕ್ಕಿ ಚರ್ಮ ಕೆಂಪಾಗುತ್ತಿತ್ತೇ ಹೊರತು ಕಪ್ಪು ಬಿಡುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಎಲೆಯ ಮುಂದೆ ಕೂತರೆ ಪಕ್ಕದವರಿಗೆ ಕಾಣದಿರಲಿ ಎಂದು ಆ ಹೆಬ್ಬೆರಳನ್ನು ಅನ್ನದ ರಾಶಿಯೊಳಗೆ ಹೂತುಬಿಡುತ್ತಿದ್ದ. ಅದಕ್ಕೇ ಅವನ ಎಲೆಯಲ್ಲಿ ಒಂದು ಹಿಡಿ ಅನ್ನ ಯಾವಾಗಲೂ ಉಳಿಯುತ್ತಿತ್ತು. ಅತ್ತೆ ಅದಕ್ಕೂ ಬೈಯುತ್ತಿದ್ದರು.

ಈ ಕಪ್ಪಿಗೆಲ್ಲ ಕಾರಣ ಒಂದು ಹಳೆಯ ಜಪಾನ್ ಕಾರು. ಯಾರೋ ಓಡಿಸಿ ಬಿಟ್ಟದ್ದನ್ನು ಹುಡುಕಿ ತಂದಿದ್ದ. ಅದರ ಕಂಪನಿಯ ಹೆಸರು ನನ್ನ ಬಾಯಿಗೆ ಹತ್ತಲೇ ಇಲ್ಲ. ಹೊಸಕೆರೆಹಳ್ಳಿಯ ನಮ್ಮ ಮನೆಯಲ್ಲಿ ಅದರ ಹೆಸರೇ ‘ಜಪಾನ್’. ‘ಎಲ್ಲೇ ಅವನು?’ ಎಂದು ಯಜಮಾನರು ಕೇಳಿದರೆ ‘ಜಪಾನ್ ಕೆಳಗೆ ಮಲಗಿದಾನೆ’ ಅನ್ನುವುದು ನಮಗೆ ಮಾಮೂಲು. ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಅವನಿಗೆ ಎರಡನೆಯ ಪಾಳಿ. ಬೆಳಿಗ್ಗೆಯೆಲ್ಲ ಜಪಾನ್ ಸೇವೆ.

ಅತ್ತೆ ಮಾತ್ರ ಅದನ್ನು ‘ಶನಿ’ ಅನ್ನುತ್ತಿದ್ದರು. ಬಣ್ಣ ಕಪ್ಪು, ನಂಬರು ಕೂಡಿದರೆ ಎಂಟು. ಹೆಣ್ಣು ನೋಡಲು ಹೋದ ಒಂದೆರಡು ಕಡೆ, ಹುಡುಗನಿಗೆ ಕಾರಿನ ಹುಚ್ಚಂತೆ ಎಂದು ಆಮೇಲೆ ಸುದ್ದಿಯೇ ಬರಲಿಲ್ಲ. ಅಂದಿನಿಂದ ಅವರು ಮಗನ ಜೊತೆ ನೇರವಾಗಿ ಮಾತಾಡುವುದು ಕಡಿಮೆಯಾಯಿತು. ‘ನಿನ್ನ ಮೈದುನಂಗೆ ಹೇಳೆ, ಕಾಫಿ ಆರ್ತಾ ಇದೆ’ ಎಂದು ನನ್ನ ಮೂಲಕ ಹೇಳುವರು. ಎದುರಿಗೇ ಕೂತವನು ‘ಅತ್ತಿಗೆ, ಅಮ್ಮಂಗೆ ಹೇಳಿ, ಕುಡಿದಾಯ್ತು’ ಅನ್ನುವನು. ನಡುವೆ ನಾನು.

ಕೊಂಡ ಕಾರನ್ನು ಇದ್ದ ಹಾಗೆ ಓಡಿಸುವ ಜಾಯಮಾನ ಅವನದಲ್ಲ. ಸೈಲೆನ್ಸರ್ ಬದಲಾಯಿತು. ಅಗಲದ ತೆಳು ಟೈರು ಬಂತು. ಕೊನೆಗೆ ಸ್ಪ್ರಿಂಗುಗಳನ್ನೂ ಬದಲಾಯಿಸಿ ಗಾಡಿಯನ್ನು ನೆಲಕ್ಕೆ ಹತ್ತಿರ ಇಳಿಸಿಬಿಟ್ಟ. ತಿರುವಿನಲ್ಲಿ ನೆಲ ಕಚ್ಚಿಕೊಂಡು ಹೋಗುತ್ತದಂತೆ. ಆದರೆ ಕತ್ರಿಗುಪ್ಪೆಯ ಹಂಪುಗಳಲ್ಲಿ ಹೊಟ್ಟೆ ತಾಗುತ್ತಿತ್ತು. ಆಗ ಕೂತವರೆಲ್ಲ ಇಳಿಯಬೇಕು, ಖಾಲಿ ಗಾಡಿ ಓರೆಯಾಗಿ ಹಂಪು ದಾಟಬೇಕು, ಮತ್ತೆ ಹತ್ತಬೇಕು. ಯಜಮಾನರು ‘ಗಾಡಿ ಇಳಿಸ್ದೆ ಅಂದಾಗ ನಮ್ಮನ್ನೂ ಇಳಿಸ್ತಾನೆ ಅಂತ ಗೊತ್ತಿರ್ಲಿಲ್ಲ’ ಎಂದು ಪಂಚೆ ಎತ್ತಿಕೊಂಡು ನಡೆಯುತ್ತಿದ್ದರು.

ಒಮ್ಮೆ ಬೇಗೂರಿನ ನಾಗೇಶ್ವರನ ದರ್ಶನಕ್ಕೆ ಕರೆದುಕೊಂಡು ಹೋದಾಗ, ಖಾಲಿ ರಸ್ತೆ ಸಿಕ್ಕ ಕಡೆ, ‘ಅತ್ತಿಗೆ, ಈಗ ಕೇಳಿ’ ಎಂದು ಕಾಲು ಒತ್ತಿದ. ಇಂಜಿನ್ ಏರುತ್ತಾ ಏರುತ್ತಾ ಹೋಗಿ ಒಂದು ಕಡೆ ಅದರ ದನಿಯೇ ಬೇರೆಯಾಯಿತು. ಒಳಗೆ ಇನ್ಯಾರೋ ಎದ್ದು ಕೂತು ಹಾಡಲು ಶುರುಮಾಡಿದ ಹಾಗೆ. ನಾನು ಕಣ್ಣು ಮುಚ್ಚಿ ನಾಗೇಶ್ವರನನ್ನು ನೆನೆದೆ. ಅವನು ಮಗುವಿನ ಹಾಗೆ ನಗುತ್ತಿದ್ದ. ‘ಈ ಎರಡನೇ ದನಿಗೇ ಅತ್ತಿಗೆ ನಾನು ಇದನ್ನ ತಗೊಂಡಿದ್ದು. ದೇವ್ರು ಗೀವ್ರು ನಂಗೊತ್ತಿಲ್ಲ. ಇದು ಗೊತ್ತು.’

ಇನ್ನು ನನ್ನ ಸಂಕಟವನ್ನು ಹೇಳಬೇಕು. ಜಪಾನ್ ಮನೆಗೆ ಬರುವ ಮುಂಚೆ ಎರಡು ಸಲ ನನ್ನ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಆಟೋ ಹಿಡಿದು ತಂದವನು ಅವನೇ. ಡ್ರೈವರ್ ಪಕ್ಕದಲ್ಲಿ ಅರ್ಧ ಕೂತು, ಪ್ರತಿ ಗುಂಡಿಗೂ ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದ. ಜಯನಗರದ ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇದು ಗುಂಡಿಯಿಂದ ಆದದ್ದಲ್ಲ, ಗರ್ಭಕೋಶದ ಬಾಯಿ ದುರ್ಬಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದೇವರನ್ನು ನಂಬದವನು ಡಾಕ್ಟರನ್ನೂ ನಂಬಲಿಲ್ಲ. ಗುಂಡಿಯನ್ನು ನಂಬಿದ.

ಮೂರನೆಯ ಸಲ ಭಗವಂತ ಕಣ್ಣು ಬಿಟ್ಟಾಗ ಗರ್ಭಕೋಶಕ್ಕೆ ಹೊಲಿಗೆ ಹಾಕಿ, ಮಲಗಿರಬೇಕು, ತೋರಿಸಲು ಮಾತ್ರ ಬರಬೇಕು ಅಂದರು. ನಾನು ಮಲಗಿದಲ್ಲೇ ದಿನದ ಸಣ್ಣ ಪುಣ್ಯಗಳನ್ನು ಎಣಿಸಿಕೊಳ್ಳುತ್ತಿದ್ದೆ. ಇವತ್ತು ನೋವಿಲ್ಲ, ಪುಣ್ಯ. ಇವತ್ತು ಗಂಜಿ ಒಳಗೆ ನಿಂತಿತು, ಪುಣ್ಯ.

ಆ ವಾರವೇ ಅಂಗಳದಿಂದ ಕಬ್ಬಿಣದ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಜಪಾನ್ ನಾಲ್ಕು ಕಾಲೂ ಕಳಚಿಕೊಂಡು ಕಲ್ಲುಗಳ ಮೇಲೆ ಕೂತಿತ್ತು. ಅಟ್ಟದ ಮೇಲೆ ದಸರಾ ಗೊಂಬೆಗಳ ಪಕ್ಕ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಕಂಪನಿಯ ಸ್ಪ್ರಿಂಗುಗಳು ಕೆಳಗಿಳಿದಿದ್ದವು. ತೆಳು ಟೈರುಗಳು ಹೋಗಿ ದಪ್ಪನೆಯವು ಬಂದವು. ಅವನು ಆಸೆಪಟ್ಟು ಹಾಕಿಸಿದ್ದ ಗಟ್ಟಿ ಸೀಟು ಹೋಗಿ ಮೊದಲಿನ ಮೆತ್ತನೆಯದು ಕೂತಿತು. ವರ್ಷಗಟ್ಟಲೆ ಮಾಡಿದ್ದನ್ನೆಲ್ಲ ಒಂದೊಂದೇ ಬಿಚ್ಚುತ್ತಿದ್ದ.

ಆಮೇಲೆ ಬಾಗಿಲಲ್ಲಿ ನಿಂತು, ‘ಅತ್ತಿಗೆ, ನಿಮ್ಮ ದೇವ್ರ ಚೊಂಬು ಬೇಕು. ತಾಮ್ರದ್ದು’ ಅಂದ.

‘ಸ್ಟೀಲ್ ಚೊಂಬು ತಗೊಳ್ಳೋ.’

‘ಅದು ಹಗುರ. ಅಲ್ಲಾಡುತ್ತೆ. ಇದು ಕೂತ್ರೆ ಕೂತ್ಕೊಳುತ್ತೆ.’

ಅಡುಗೆಮನೆಯಿಂದ ಅತ್ತೆ, ‘ದೇವರ ಚೊಂಬು ಆ ಶನಿಗೆ ಯಾಕಂತೆ ಕೇಳೆ!’ ಅಂದರು. ನಾನು ‘ತಗೊಂಡು ಹೋಗೋ’ ಎಂದೆ. ಅಂಚಿನವರೆಗೆ ನೀರು ತುಂಬಿ ಮುಂದಿನ ಸೀಟಿನ ಮೇಲಿಟ್ಟುಕೊಂಡು ಕತ್ರಿಗುಪ್ಪೆ, ಯಡಿಯೂರು ದಾಟಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಬಂದ. ಸೀಟು ಒದ್ದೆ. ‘ಕಾಲು ಚೊಂಬು ಹೋಯ್ತು ಅತ್ತಿಗೆ.’ ಮಾರನೆಯ ದಿನ ಮತ್ತೆ ಹೋದ. ಟೈರಿನ ಗಾಳಿ ಸ್ವಲ್ಪ ಇಳಿಸಿದ. ಯಾವ ಗುಂಡಿ ಎಡಕ್ಕೆ, ಯಾವ ಹಂಪಿಗೆ ಎಷ್ಟು ನಿಧಾನ ಎಂದು ಬಾಯಿಪಾಠ ಮಾಡಿದ. ಒಂದು ದಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮಂಚದ ಹತ್ತಿರ ತಂದ. ನೀರು ಅಂಚಿನಲ್ಲೇ ನಡುಗುತ್ತಿತ್ತು. ‘ಸೀಟಿನ ಮೇಲೆ ಒಂದೆರಡು ಹನಿ, ಅಷ್ಟೇ’ ಅಂದ. ಆ ನೀರನ್ನು ತುಳಸಿಗೆ ಹಾಕಿಸಿದೆ.

ಅದೇ ದಿನಗಳಲ್ಲಿ, ನನಗೆ ಮೂಸಂಬಿ ಸುಲಿದು ಕೊಡುತ್ತಾ ಕೂತವನು ಇದ್ದಕ್ಕಿದ್ದಂತೆ ಕೇಳಿದ. ‘ಅಪ್ಪ ಇದ್ದಾಗ ಆಡಿಟ್‌ಗೆ ಬೇರೆ ಊರಿಗೆ ಹೊರಟ್ರೆ ಅಮ್ಮ ಪರಸ್ಥಾನ ಅಂತ ಇಡ್ತಿದ್ರಲ್ಲ, ಅದ್ರ ಲೆಕ್ಕಾಚಾರ ಏನು?’

ಹೇಳಿದೆ. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಮುಂಚೆಯೇ ಒಳ್ಳೆಯ ಹೊತ್ತು ನೋಡಿ ಪ್ರಯಾಣದವರ ಚೀಲವನ್ನೋ, ಬಟ್ಟೆಯಲ್ಲಿ ಕಟ್ಟಿದ ಹಿಡಿ ಅಕ್ಕಿ, ಅರಿಶಿನದ ಕೊಂಬನ್ನೋ ನಮ್ಮ ಗೇಟಿನಾಚೆ ಬೇರೆಯವರ ಜಾಗದಲ್ಲಿಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ರಾಹುಕಾಲದಲ್ಲಿ ಹೊಸಿಲು ದಾಟಿದರೂ ದೋಷವಿಲ್ಲ. ಹೋಗಿ ಬಂದವರೇ ಆ ಗಂಟು ಬಿಚ್ಚಿ, ಆ ಅಕ್ಕಿಯಲ್ಲಿ ಸಿಹಿ ಮಾಡಬೇಕು. ಇದು ಅತ್ತೆಯ ಮನೆಯ ಪದ್ಧತಿ.

‘ಒಳ್ಳೇ ಲಾಯರ್ ಬುದ್ಧಿ ಗುರು ನಮ್ಮ ಹಿರೀಕರದ್ದು’ ಎಂದು ನಕ್ಕ. ‘ಬೇರೆಯವ್ರ ಜಾಗದಲ್ಲಿ ನಿಂತಿರೋ ಗಾಡಿ ಆದ್ರೆ ನಡೆಯುತ್ತಾ?’

‘ಗಾಡಿಗೇನೋ ಶಾಸ್ತ್ರ, ಹೋಗೋ’ ಅಂದೆ. ಮರೆತೂಬಿಟ್ಟೆ. ಮಾರನೆಯ ದಿನದಿಂದ ಅವನು ಬೆಳಿಗ್ಗೆಯೇ ಜಪಾನನ್ನು ನಮ್ಮ ಗೇಟಿನಿಂದ ತೆಗೆದು ಎದುರುಮನೆಯವರ ಕಾಂಪೌಂಡಿನ ಪಕ್ಕ ನಿಲ್ಲಿಸತೊಡಗಿದ. ಹೊಂಗೆಮರದ ನೆರಳಿಗೆ ಎಂದುಕೊಂಡೆ. ಎದುರುಮನೆಯಾಕೆ ‘ನಿಮ್ಮ ಮೈದುನಂಗೆ ನಿಮ್ಮನೆ ಮುಂದೆ ಜಾಗ ಇಲ್ವೇನ್ರೀ?’ ಎಂದು ಗೊಣಗಿಯೂ ಆಯಿತು.

ಅದೊಂದು ಬುಧವಾರ ಮಧ್ಯಾಹ್ನ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ತಿಂಗಳು ತುಂಬಲು ಇನ್ನೂ ದೂರವಿತ್ತು. ಯಜಮಾನರು ಆಫೀಸಿನಲ್ಲಿ. ಫೋನ್ ಮಾಡಿದರೆ ಡಾಕ್ಟರಮ್ಮ ‘ಈಗಲೇ ಬನ್ನಿ’ ಅಂದರು. ಗೋಡೆ ಹಿಡಿದು ಬಾಗಿಲವರೆಗೆ ಬಂದೆ. ಅತ್ತೆ ಅಡ್ಡ ನಿಂತರು.

‘ಹನ್ನೆರಡು ಹೊಡೀತು. ರಾಹುಕಾಲ. ಒಂದೂವರೆ ತನಕ ಹೊಸಿಲು ದಾಟ್ಬೇಡ.’

‘ಅಮ್ಮ, ಪಕ್ಕಕ್ಕೆ ಬಾ’ ಅಂದ ಅವನು. ಎಷ್ಟೋ ದಿನದ ಮೇಲೆ ನೇರವಾಗಿ ಮಾತಾಡಿದ್ದ.

‘ಹಿಂದಿನ ಎರಡು ಸಲಾನೂ ಹೊತ್ತು ಗೊತ್ತು ನೋಡ್ದೆ ಓಡಿದ್ರಲ್ಲೋ! ಏನ್ ತಂದ್ರಿ ಮನೆಗೆ? ಬರೀ ಕೈಯಲ್ಲಿ ತಾನೇ ಬಂದ್ರಿ!’ ಅತ್ತೆಯ ದನಿ ಒಡೆಯಿತು. ಅದು ಹಟವಲ್ಲ, ಹೆದರಿಕೆ. ಸುಳ್ಳು ಹೇಳಲಾರೆ, ನನ್ನ ಕಾಲೂ ಹೊಸಿಲ ಮೇಲೆ ನಿಂತುಬಿಟ್ಟಿತ್ತು. ನಾನೂ ರಾಹುಕಾಲ ನೋಡುವವಳೇ. ಆ ಮಗುವಿಗಾಗಿ ಯಾವ ದೇವರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಅವನು ಕೂಗಾಡಲಿಲ್ಲ. ‘ಅತ್ತಿಗೆ ಬೆಳಿಗ್ಗೆನೇ ಹೊರಟಾಗಿದೆ ಅಮ್ಮ. ಪರಸ್ಥಾನ ಇಟ್ಟಿದೀನಿ. ಬಾ, ನೋಡು.’

ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿ, ಎದುರುಮನೆಯ ಮುಂದೆ ಜಪಾನಿನ ಡಿಕ್ಕಿ ತೆಗೆದ. ಬಾಗಿಲಿನಿಂದಲೇ ನನಗೂ ಕಂಡಿತು. ನನ್ನ ಆಸ್ಪತ್ರೆಯ ಚೀಲ, ಅದರ ಮೇಲೆ ಬಿಳಿಯ ಕರ್ಚೀಫಿನಲ್ಲಿ ಒಂದು ಗಂಟು. ಗಂಟಿನ ಮೇಲೆ ಅವನ ಹೆಬ್ಬೆರಳಿನ ಕಪ್ಪು ಗುರುತು. ದಿನಾ ಬೆಳಿಗ್ಗೆ, ಯಾವ ಹೊತ್ತಿನಲ್ಲಿ ಬೇಕಾದೀತೋ ಎಂದು, ದೇವರನ್ನು ನಂಬದ ಆ ಹುಡುಗ ನನ್ನ ಪ್ರಯಾಣವನ್ನು ಶುರುಮಾಡಿ ಇಡುತ್ತಿದ್ದ.

ಅತ್ತೆ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದರು. ಬಿಚ್ಚುವುದೇ ಬೇಕಾಗಲಿಲ್ಲ. ‘ಅಯ್ಯೋ ಮಂಕೇ, ಇದು ಇಡ್ಲಿ ಅಕ್ಕಿ ಕಣೋ! ಒಂದ್ಸಲ ಬೆಂದಿರೋ ಕುಸುಬಲಕ್ಕಿ ಶುಭಕ್ಕೆ ಬರುತ್ತೇನೋ?’

‘ಡಬ್ಬದಲ್ಲಿ ಅಕ್ಕಿ ಅಂತ ಇದ್ದಿದ್ದು ಅದೇ ಅಮ್ಮ!’

ಅಷ್ಟು ಹೊತ್ತಿನಲ್ಲೂ ನನಗೆ ನಗು ಬಂತು. ನಗುವಿನ ಜೊತೆಗೇ ಕಾಲು ಹೊಸಿಲು ದಾಟಿತ್ತು. ‘ಅತ್ತೆ, ನಾನು ಹೊರಟಾಯ್ತು’ ಅಂದೆ. ಅವರು ಬಂದು ನನ್ನ ಇನ್ನೊಂದು ತೋಳು ಹಿಡಿದರು.

ಅಂದು ಅವನು ಓಡಿಸಿದ್ದನ್ನು ನಾನು ಮರೆಯಲಾರೆ. ಆ ಎರಡನೆಯ ದನಿ ಏಳಲಿಲ್ಲ. ಮೊದಲನೆಯದೂ ಸರಿಯಾಗಿ ಕೇಳಲಿಲ್ಲ. ಯಡಿಯೂರು ಕೆರೆಯ ಹತ್ತಿರ ಹಿಂದಿನಿಂದ ಹಾರನ್ನೋ ಹಾರನ್ನು. ಆಟೋದವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, ‘ಏನ್ ಗುರು, ಇಂಥ ಗಾಡಿ ಇಟ್ಕೊಂಡು ಹೆಣ ಸಾಗಿಸ್ತಾ ಇದ್ಯಾ?’ ಅಂದ. ಬೇರೆ ದಿನವಾಗಿದ್ದರೆ ಆ ಆಟೋ ಧೂಳಲ್ಲಿ ಉಳಿಯುತ್ತಿತ್ತು. ಅವನು ಆ ಕಡೆ ನೋಡಲೂ ಇಲ್ಲ. ‘ಎಡಗಡೆ ಒಂದು ಗುಂಡಿ ಬರುತ್ತೆ ಅತ್ತಿಗೆ. ಉಸಿರು ಬಿಡಿ… ಆಯ್ತು. ಇನ್ನೊಂದು ಚೂರು’ ಎನ್ನುತ್ತಾ ಹೋದ. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಮಗು ಉಳಿಯಿತು. ಹೆರಿಗೆಯವರೆಗೆ ಅಲ್ಲೇ ಇಟ್ಟುಕೊಂಡರು. ಅದೇ ಕಾರಿನಲ್ಲಿ ಮಗಳನ್ನು ಮನೆಗೆ ತಂದ ದಿನ ನಾನೇ ಗಂಟು ಬಿಚ್ಚಿದೆ. ಇಡ್ಲಿ ಅಕ್ಕಿಯ ಪಾಯಸ ಎಷ್ಟು ಕುದಿಸಿದರೂ ಅಗಿಯುವ ಹಾಗೆಯೇ ಉಳಿಯಿತು. ಅವನು ಎರಡು ಸಲ ಹಾಕಿಸಿಕೊಂಡ. ಅಂದು ಹೆಬ್ಬೆರಳನ್ನು ಅಡಗಿಸಲಿಲ್ಲ.

ಗಾಡಿಯನ್ನು ಮತ್ತೆ ನೆಲಕ್ಕೆ ಇಳಿಸುತ್ತಾನೆ ಎಂದುಕೊಂಡಿದ್ದೆ. ‘ಮಗು ಕತ್ತು ನಿಲ್ಲಲಿ ಅತ್ತಿಗೆ’ ಅಂದ. ಆಮೇಲೆ ‘ಸ್ಕೂಲಿಗೆ ಹೋಗೋ ಹುಡುಗಿ, ವಾಂತಿ ಮಾಡ್ಕೊಂಡ್ರೆ?’ ಅಂದ. ಅವನ ಗಟ್ಟಿ ಸ್ಪ್ರಿಂಗುಗಳು ಗೊಂಬೆಗಳ ಪಕ್ಕ ಅಟ್ಟದಲ್ಲೇ ಉಳಿದವು. ಮದುವೆಯ ಮಾತು ಬಂದರೆ ‘ಜಪಾನ್ ಇದೆಯಲ್ಲ’ ಎಂದು ಹಾರಿಸುತ್ತಿದ್ದ.

ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಒಂದು ಬೆಳಿಗ್ಗೆ ಅವಳನ್ನು ಬಿಟ್ಟುಬಂದವನು ಸ್ಟಿಯರಿಂಗ್ ಹಿಡಿದೇ ಕೂತಿದ್ದ. ‘ಕ್ಲಚ್ ಒತ್ತೋಕೆ ಕಾಲು ಬರ್ತಿಲ್ಲ ಅತ್ತಿಗೆ’ ಅಂದ. ರಕ್ತದ ಕಾಯಿಲೆ. ಗೊತ್ತಾಗುವ ಹೊತ್ತಿಗೆ ಬಹಳ ದೂರ ಹೋಗಿತ್ತು. ಸುಸ್ತಿನಲ್ಲಿ ಗಾಡಿಯ ಕೆಳಗೆ ಮಲಗುವುದು ನಿಂತಿತು. ನೋಡನೋಡುತ್ತಿದ್ದಂತೆ ಅವನ ಹೆಬ್ಬೆರಳಿನ ಉಗುರು ಬೆಳ್ಳಗಾಗಿಬಿಟ್ಟಿತು. ಅದನ್ನು ನೋಡಿದಾಗ ನನಗೆ ಆದ ಭಯ ಡಾಕ್ಟರ ಮಾತಿನಿಂದಲೂ ಆಗಿರಲಿಲ್ಲ.

ಕೊನೆಯ ಸಲ ಅಡ್ಮಿಟ್ ಮಾಡಬೇಕಾದ ದಿನ, ಬೆಳಿಗ್ಗೆ ಸ್ನಾನ ಮಾಡಿ ಒಳ್ಳೆಯ ಅಕ್ಕಿಯನ್ನು ಆರಿಸಿದೆ. ಒಂದೂ ನುಚ್ಚು ಬರದ ಹಾಗೆ, ಕಾಳು ಕಾಳು. ಅರಿಶಿನದ ಕೊಂಬಿನ ಜೊತೆ ಹೊಸ ಬಟ್ಟೆಯಲ್ಲಿ ಕಟ್ಟಿ, ಅವನ ಚೀಲದ ಜೊತೆ ಡಿಕ್ಕಿಯಲ್ಲಿಟ್ಟು, ಯಜಮಾನರಿಗೆ ಹೇಳಿ ಗಾಡಿಯನ್ನು ಎದುರುಮನೆಯ ಮುಂದೆ ನಿಲ್ಲಿಸಿದೆ. ಎದುರುಮನೆಯಾಕೆ ಈ ಸಲ ಗೊಣಗಲಿಲ್ಲ. ಅಣ್ಣನ ಹೆಗಲು ಹಿಡಿದು ಹೊರಗೆ ಬಂದವನು ಗಾಡಿ ನಿಂತ ಜಾಗ ನೋಡಿ ನಕ್ಕ.

‘ಪರಸ್ಥಾನಾನಾ ಅತ್ತಿಗೆ?’

‘ಹೂಂ ಕಣೋ.’

‘ಇಡ್ಲಿ ಅಕ್ಕಿ ತಾನೇ?’

‘ಇಲ್ಲಪ್ಪ, ಒಳ್ಳೇ ಅಕ್ಕಿ.’

ಅವನು ಡಿಕ್ಕಿಯ ಮೇಲೆ ಕೈಯಿಟ್ಟ. ‘ಹೋಗೋದಕ್ಕೆ ಇಷ್ಟೆಲ್ಲ ಶಾಸ್ತ್ರ ಇದೆ. ವಾಪಸ್ ಬರೋದಕ್ಕೆ ಏನಾದ್ರೂ ಇಟ್ಟಿದಾರಾ?’

ನನಗಾಗಿ ಜೋಡಿಸಿದ್ದ ಅದೇ ಮೆತ್ತನೆಯ ಸೀಟಿನಲ್ಲಿ ಅವನನ್ನು ಕೂರಿಸಿದೆವು. ಯಜಮಾನರು ಹೆಣಗುತ್ತಾ ಗೇರ್ ಹಾಕಿದರು. ‘ನಿಧಾನ ಅಣ್ಣ, ಎಡಗಡೆ ಗುಂಡಿ ಇದೆ’ ಎಂದು ಅವನು ಹೇಳಿದ್ದು ಕೇಳಿಸಿತು. ಅವನ ದನಿ ನಾನು ಕೇಳಿದ್ದು ಅದೇ ಕೊನೆ.

ಜಪಾನನ್ನು ಮಾರಲು ಅತ್ತೆ ಬಿಡಲಿಲ್ಲ. ಅದನ್ನು ಈಗ ಅವರು ಶನಿ ಅನ್ನುವುದಿಲ್ಲ. ಏನೂ ಅನ್ನುವುದಿಲ್ಲ. ಆಯುಧಪೂಜೆಯ ದಿನ ತಾವೇ ಹೋಗಿ ಕುಂಕುಮ ಇಟ್ಟು ಬರುತ್ತಾರೆ. ಮಗಳು ಹೂವು ಹಾಕುತ್ತಾಳೆ. ನಾನು ಗಾಡಿಯನ್ನೆಲ್ಲ ಒರೆಸುತ್ತೇನೆ, ಡಿಕ್ಕಿಯ ಧೂಳನ್ನೂ ತೆಗೆಯುತ್ತೇನೆ, ಆ ಗಂಟಿನ ಸುತ್ತ ಮಾತ್ರ ಬಟ್ಟೆಯನ್ನು ತಿರುಗಿಸಿಕೊಂಡು ಹೋಗುತ್ತೇನೆ. ತಪ್ಪು ಅಕ್ಕಿ ಕಟ್ಟಿ ಅವನು ನನ್ನನ್ನು ಮಗುವಿನ ಸಮೇತ ಮನೆಗೆ ತಂದ. ಸರಿಯಾದ ಅಕ್ಕಿ ಕಟ್ಟಿದವಳು ನಾನು. ಹೋಗಿ ಬಂದವರೇ ಬಿಚ್ಚಬೇಕು ಎಂಬುದು ಪದ್ಧತಿ. ಹಾಗಾಗಿ ಅದು ಇನ್ನೂ ಡಿಕ್ಕಿಯಲ್ಲೇ ಇದೆ.